ಬೂಟು ವಾಪಸು ಕೇಳಲು ಹೋದ ನಾಲ್ಕು ದಿನ

ಡಿಸೆಂಬರ್ ರಜೆ ಶುರುವಾದ ಮರುದಿನ ಬೆಳಿಗ್ಗೆ ಏಳು ಗಂಟೆಗೆ ಹೊಸಪೇಟೆಯಿಂದ ಹಂಪಿಗೆ ಜಟಕಾದಲ್ಲಿ ಹೊರಟೆ. ಎಂಟು ಮೈಲಿಗೆ ಆರಾಣೆ ಕೇಳಿದ ಗಾಡಿಯವನು ದಾರಿಯಲ್ಲಿ ಇನ್ನಿಬ್ಬರನ್ನು ಹತ್ತಿಸಿಕೊಳ್ಳುವ ಕರಾರಿನ ಮೇಲೆ ನಾಲ್ಕಾಣೆಗೆ ಇಳಿದ. ಚಳಿ ಚೆನ್ನಾಗಿತ್ತು. ಕಾಲುವೆಯ ಎರಡೂ ಕಡೆ ಕಬ್ಬು ಎದೆಯೆತ್ತರ ಬೆಳೆದು ನಿಂತಿತ್ತು. ನನ್ನ ತೊಡೆಯ ಮೇಲಿದ್ದ ಖಾಲಿ ಗೋಣಿಚೀಲ ನೋಡಿ ಅವನು, "ಏನ್ ತರಾಕ ಹೊಂಟೀರಿ ಮಾಸ್ತರ? ಬಾಳೆಕಾಯೇನು?" ಎಂದು ಕೇಳಿದ. ಹೌದಪ್ಪಾ ಎಂದುಬಿಟ್ಟೆ. ಆಟಗಾರರ ಕಾಲಿನಿಂದ ಬೂಟು ಬಿಚ್ಚಿಸಿಕೊಂಡು ಬರಲು ಹೊರಟಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.

ಇದು ಯುದ್ಧಕ್ಕೆ ಎರಡು ವರ್ಷ ಮುಂಚಿನ ಮಾತು. ನಾನು ಆಗ ಹೊಸಪೇಟೆಯ ಶಾಲೆಯೊಂದರಲ್ಲಿ ಡ್ರಿಲ್ ಮಾಸ್ತರ, ಜೊತೆಗೆ ಊರಿನ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಬಳ್ಳಾರಿಯ ಲೀಗಿನಲ್ಲಿ ಎರಡು ದರ್ಜೆಗಳಿದ್ದವು. ಮೊದಲ ದರ್ಜೆಯಲ್ಲಿ ಕೊನೆಗೆ ಬಂದ ತಂಡ ಎರಡನೆಯದಕ್ಕೆ ಇಳಿಯಬೇಕು. ಆ ವರ್ಷ ಇಳಿದವರು ನಾವು.

ಇಳಿದದ್ದರ ಅರ್ಥ ಒಂದೇ ತಿಂಗಳಲ್ಲಿ ತಿಳಿಯಿತು. ಮೊದಲ ದರ್ಜೆಯ ಪಂದ್ಯಗಳಿಗೆ ಮೈದಾನದ ಸುತ್ತ ಗೋಣಿಪರದೆ ಕಟ್ಟಿ ಒಂದಾಣೆ ಟಿಕೆಟ್ಟು ಇಡುತ್ತಿದ್ದರು. ಅದರಲ್ಲಿ ನಮಗೂ ಪಾಲಿತ್ತು. ಎರಡನೇ ದರ್ಜೆಯವರು ಆಡುವುದು ಬಯಲಿನಲ್ಲಿ. ದನ ಕಾಯುವವರೂ ಪುಕ್ಕಟೆ ನಿಂತು ನೋಡುವ ಆಟ ಅದು. ರೈಲು ಖರ್ಚೂ ನಮ್ಮದೇ. ಹೊರಗಿನಿಂದ ಕರೆಸಿದ ಇಬ್ಬರು ಆಟಗಾರರಿಗೆ ತಿಂಗಳಿಗೆ ತಲಾ ಹನ್ನೆರಡು ರೂಪಾಯಿ ಕೊಡುತ್ತಿದ್ದೆವು, ಅದು ನಿಂತಿತು. ಉಳಿದದ್ದು ಮದ್ರಾಸಿನಿಂದ ತರಿಸಿದ್ದ ಮೂರು ಜೊತೆ ಬೂಟು. ಮಿಕ್ಕವರೆಲ್ಲ ಬರಿಗಾಲಲ್ಲೇ ಆಡುವವರು. ನಮ್ಮ ಜಾಗಕ್ಕೆ ಏರಿದ ಬಳ್ಳಾರಿಯ ತಂಡ ಆ ಬೂಟುಗಳನ್ನು ಅರ್ಧ ಬೆಲೆಗೆ ಕೊಳ್ಳಲು ಮುಂದೆ ಬಂತು. ಸಾಲ ತೀರಿಸಲು ಬೇರೆ ದಾರಿ ಇಲ್ಲವೆಂದು ಕಮಿಟಿಯವರು ನನ್ನನ್ನು ಕಳಿಸಿದರು. ಒಂದು ಜೊತೆ ಹಂಪಿಯಲ್ಲಿ, ಒಂದು ಕಂಪ್ಲಿಯಲ್ಲಿ, ಒಂದು ಸಂಡೂರಿನಲ್ಲಿ. ಸಂಡೂರನ್ನು ನಾನೇ ಕೊನೆಗೆ ಇಟ್ಟುಕೊಂಡೆ.

ಹಂಪಿಯಲ್ಲಿ ಪಂಪಣ್ಣನ ಮನೆ ಎಂದರೆ ರಥಬೀದಿಯ ಒಂದು ಹಳೇ ಕಲ್ಲುಮಂಟಪ. ಮುಂದೆ ತಟ್ಟಿ ಕಟ್ಟಿ, ಹಿಂದೆ ಒಲೆ ಹೂಡಿ, ಅವನೂ ಅವನ ತಾಯಿಯೂ ಅಲ್ಲಿ ಇದ್ದರು. ತಾಯಿ ಯಾತ್ರಿಕರಿಗೆ ತೆಂಗಿನಕಾಯಿ ಮಾರುತ್ತಿದ್ದಳು. ಪಂಪಣ್ಣ ಎಡಬದಿಯಲ್ಲಿ ಓಡಲು ಶುರುಮಾಡಿದರೆ ಬಳ್ಳಾರಿಯ ಪಲ್ಟಣದ ಸಿಪಾಯಿಗಳೂ ಹಿಡಿಯಲಾರದಂಥ ಹುಡುಗ. ವಿಷಯ ಹೇಳಿದೆ. ಅವನು ನಕ್ಕ. "ನನಗ ಮೊದ್ಲಿಂದ ಕಚ್ಚತಿದ್ವು ಮಾಸ್ತರ. ಬರಿಗಾಲೇ ಸೈ," ಎಂದು ಬೂಟು ತಂದುಕೊಟ್ಟ. ತಾಯಿ ಮಾತ್ರ ನಗಲಿಲ್ಲ.

"ಹನ್ನೆರಡು ರೂಪಾಯಿ ಬರತೈತಂತ ಇವನಿಗೆ ಹೆಣ್ಣು ನೋಡಿದ್ದೆ. ಅವ್ರಿಗೆ ಏನು ಹೇಳ್ಲಿ?" ಎಂದಳು.

ಆಕೆ ಕೊಟ್ಟ ಮಂಡಕ್ಕಿ ತಿಂದು, ನದಿಗೆ ಹೋಗಿ ಮುಖ ತೊಳೆದುಕೊಂಡೆ. ಇಷ್ಟು ಹತ್ತಿರವಿದ್ದೂ ಗುಡಿಯೊಳಗೆ ಹೋಗಲಿಲ್ಲ. ಸಂಜೆ ಕಮಲಾಪುರಕ್ಕೆ ನಡೆದು ಛತ್ರದಲ್ಲಿ ಮಲಗಿದೆ.

ಎರಡನೇ ದಿನ ಕಂಪ್ಲಿ. ಬಸ್ಸಿಗೆ ಏಳಾಣೆ. ಮುಂದಿನ ಸೀಟಿನಲ್ಲಿ ವೀಳ್ಯದೆಲೆಯ ಪಿಂಡಿಗಳು, ಅವುಗಳ ಹಿಂದೆ ನಾವು. ಊರು ಹತ್ತಿರವಾದಂತೆ ಎಲ್ಲಿ ನೋಡಿದರೂ ನೀರು, ಭತ್ತದ ಗದ್ದೆ, ಬೆಲ್ಲದ ಗಾಣಗಳ ಹೊಗೆ. ಅಕ್ಕಿ ಗಿರಣಿಯ ಚನ್ನಬಸಪ್ಪ ಸಾಹುಕಾರರು ನಮ್ಮ ಕ್ಲಬ್ಬಿನ ದೊಡ್ಡ ದಾನಿ. ಪಂದ್ಯದ ಕರಪತ್ರಗಳ ಮೇಲ್ಭಾಗದಲ್ಲಿ ಅವರ ಹೆಸರನ್ನು ದಪ್ಪಕ್ಷರದಲ್ಲಿ ಅಚ್ಚು ಹಾಕಿಸುತ್ತಿದ್ದೆವು.

"ಬರ್ರಿ ಮಾಸ್ತರ, ಕುಂದ್ರಿ," ಎಂದು ಗಾದಿಯ ಮೇಲೆ ಕೂರಿಸಿ, ಬೆಲ್ಲ, ನೀರು ಕೊಡಿಸಿದರು. ನಾನು ಬೂಟಿಗೆ ಬಂದವನು, ಆಸೆ ತಡೆಯಲಾರದೆ ವರ್ಷದ ದಾನದ ಮಾತನ್ನೂ ತೆಗೆದೆ.

"ಎರಡನೇ ದರ್ಜೆ ಟೀಮಿನ ಕಾಗದದ ಮ್ಯಾಲೆ ನನ್ನ ಹೆಸರು ಹಾಕಬ್ಯಾಡ್ರಿ," ಎಂದರು ಸಾಹುಕಾರರು, ಸಿಟ್ಟಿಲ್ಲದೆ. "ಬ್ಯಾರೆ ಗಿರಣಿಯವ್ರು ನಗತಾರ. ಮ್ಯಾಲೆ ಬರ್ರಿ, ಆಮ್ಯಾಲೆ ನೋಡೂಣು."

"ಮೇಲೆ ಬರಲಿಕ್ಕೇ ದುಡ್ಡು ಬೇಕಲ್ಲ, ಸಾಹುಕಾರರೇ. ನೀವು ಹೇಳಿದಿರೆಂದೇ ಕೊನೇ ಪಂದ್ಯದಲ್ಲಿ ನಿಮ್ಮ ಮಗನನ್ನು ಆಡಿಸಿದೆ."

ಅವರು ನನ್ನನ್ನು ನಿಟ್ಟಿಸಿ ನೋಡಿದರು. "ಮಗನ್ನ ಆಡಸ್ರಿ ಅಂದಿದ್ದೆ, ಖರೆ. ಸಂಡೂರಿನವನ್ನ ಬಿಡ್ರಿ ಅಂದಿದ್ನೇನು?"

ಅಂದಿರಲಿಲ್ಲ. ಬಿಟ್ಟವನು ನಾನು. ಅದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಸಾಹುಕಾರರ ಮಗ ಆಡುತ್ತಿದ್ದದ್ದು ಹಿಂದಿನ ಸಾಲಿನ ಬಲಗಡೆ. ಅದೇ ಜಾಗದಲ್ಲಿ ಸಂಡೂರಿನ ಗಾದಿಲಿಂಗ ಇದ್ದ, ಇಡೀ ತಂಡಕ್ಕೆ ಗೋಡೆಯಂಥವನು. ಅವನನ್ನು ಹೊರಗೆ ಕೂರಿಸಿದರೆ ಜನ ಕೂಗಾಡುತ್ತಾರೆ, ಅವನಿಗೂ ಕಾರಣ ಹೇಳಬೇಕಾಗುತ್ತದೆ. ಅದಕ್ಕೆ, ಭಾನುವಾರದ ಪಂದ್ಯವನ್ನು ಸೋಮವಾರ ಎಂದು ಬರೆದು ಅವನಿಗೆ ಕಾರ್ಡು ಹಾಕಿದೆ. ಭಾನುವಾರ ನಾವು ನಾಲ್ಕು ಗೋಲಿನಿಂದ ಸೋತು ಕೆಳಗಿಳಿದೆವು. ಸೋಮವಾರ ಗಾದಿಲಿಂಗ ಬಳ್ಳಾರಿಗೆ ಬಂದ. ಮೈದಾನದಲ್ಲಿ ಪರದೆಯ ಗಳಗಳನ್ನು ಕೀಳುತ್ತಿದ್ದರು. ಲೆಕ್ಕ ತೀರಿಸಲು ಅಲ್ಲೇ ಉಳಿದಿದ್ದ ನನ್ನ ಎದುರಿಗೇ ಬಂದು ನಿಂತು, ಯಾಕೆ ಹೀಗಾಯಿತು ಎಂದು ಕೇಳಿದ. ಅವನಿಗೆ ಓದು ಬರುವುದಿಲ್ಲ. "ಓದಿದವರು ತಪ್ಪು ಓದಿರಬೇಕು," ಎಂದೆ. ಅವನು ತಲೆ ತಗ್ಗಿಸಿ ಹೋದ.

ಗಿರಣಿಯ ಆಳೊಬ್ಬ ಸಾಹುಕಾರರ ಮಗನ ಬೂಟುಗಳನ್ನು ತಂದು ಜಗುಲಿಯ ಮೇಲಿಟ್ಟ. ಗದ್ದೆಯ ಕೆಸರಿನಲ್ಲಿ ಹಾಕಿಕೊಂಡು ತಿರುಗಿ ಚರ್ಮ ಒಡೆದಿತ್ತು. ಹಾಗೆಯೇ ಚೀಲಕ್ಕೆ ಹಾಕಿಕೊಂಡೆ.

ಮೂರನೇ ದಿನ ಹೊಸಪೇಟೆಗೆ ಮರಳಿ, ಮನೆಗೂ ಹೋಗದೆ, ಹತ್ತು ಗಂಟೆಯ ಸಂಡೂರು ಬಸ್ಸು ಹಿಡಿದೆ. ಒಂಬತ್ತಾಣೆ. ಬೆಟ್ಟಗಳ ನಡುವಿನ ಗಂಡಿ ದಾಟಿದ ಮೇಲೆ ಗಾಳಿ ತಂಪಾಯಿತು, ದಾರಿ ಕೆಂಪಾಯಿತು. ಅದಿರು ಹೇರಿದ ಬಂಡಿಗಳು ಎದುರಾದಾಗಲೆಲ್ಲ ಬಸ್ಸು ನಿಂತು ದಾರಿ ಬಿಡಬೇಕು. ಇಳಿಯುವ ಹೊತ್ತಿಗೆ ನನ್ನ ಬಿಳೀ ಅಂಗಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಗಾದಿಲಿಂಗ ಮೊದಲು ಮ್ಯಾಂಗನೀಸ್ ಗಣಿಯಲ್ಲಿ ಮೇಸ್ತ್ರಿಯಾಗಿದ್ದ. ಪಂದ್ಯಗಳಿಗೆ ಪದೇ ಪದೇ ರಜೆ ಸಿಗುವುದಿಲ್ಲವೆಂದು ಆ ಕೆಲಸ ಬಿಡಿಸಿದವನು ನಾನೇ. ಮೊದಲ ದರ್ಜೆಯ ಕ್ಲಬ್ಬೆಂದರೆ ಸರಕಾರಿ ನೌಕರಿ ಇದ್ದ ಹಾಗೆ ಎಂದಿದ್ದೆ. ಈಗ ಅವನು ಅದೇ ಗಣಿಯ ಅದಿರಿನ ರಾಶಿಯಲ್ಲಿ ದಿನಗೂಲಿಗೆ ಕಲ್ಲು ಒಡೆಯುತ್ತಿದ್ದ. ನನ್ನನ್ನು ಕಂಡವನೇ ಸುತ್ತಿಗೆ ಕೆಳಗಿಟ್ಟು ಎದ್ದು ಬಂದು, ಜನರೆದುರಿಗೆ ನನ್ನ ಕಾಲು ಮುಟ್ಟಿದ.

"ನನ್ನಿಂದ ಕ್ಲಬ್ಬು ಮುಳುಗ್ತು ಮಾಸ್ತರ. ನಾನೇ ಬಂದು ನಿಮ್ಮ ಮುಂದ ನಿಂದ್ರಬೇಕಿತ್ತು. ಮಾರಿ ತೋರ್ಸಾಕ ಧೈರ್ಯ ಆಗ್ಲಿಲ್ಲ."

ಮನೆಗೆ ಕರೆದುಕೊಂಡು ಹೋಗಿ ಬೂಟು ತಂದುಕೊಟ್ಟ. ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿ, ಇಲಿ ಮುಟ್ಟದಂತೆ ಗೂಡಿನಲ್ಲಿ ಇಟ್ಟಿದ್ದ. ಅವನ ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಮನೆಯಲ್ಲಿ ಅವನ ತಮ್ಮ ತಿಪ್ಪಣ್ಣ ಕಾಣಲಿಲ್ಲ. ಕೇಳಿದೆ.

"ಅವನ ಹೆಸರು ತೆಗೀಬ್ಯಾಡ್ರಿ," ಎಂದ ಗಾದಿಲಿಂಗ. "ಕಾರ್ಡು ಓದಿದಾಂವ ಅವನೇ. ತಪ್ಪು ಓದಿದ್ದಲ್ದ, ಸೋಮವಾರ ಅಂತನ ಐತಿ ಅಂತ ನನಗ ಎದುರು ಮಾತಾಡಿದ. ಹಂಗಾರ ಮಾಸ್ತರು ಸುಳ್ಳು ಹೇಳ್ತಾರೇನಲೇ ಅಂತ ಹೊಡದೆ. ಕಾರ್ಡು ಒಲಿಗೆ ಹಾಕಿದೆ. ಹೆಂಡ್ತಿನ ಕರ್ಕೊಂಡು ಬಂಡ್ರಿ ಹಳ್ಳಿಗೆ ಹೋದ. ಎರಡು ತಿಂಗಳಾತು."

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನೀರು ಕುಡಿದು, ಊಟ ಮುಗಿಸಿ, ಬೂಟು ಚೀಲಕ್ಕೆ ಹಾಕಿಕೊಂಡು, ಅವನು ಇಲ್ಲೇ ಇರಿ ಎಂದರೂ ಕೇಳದೆ ಛತ್ರಕ್ಕೆ ಹೋದೆ.

ನಾಲ್ಕನೇ ದಿನ ಬೆಳಿಗ್ಗೆ ಏಳರ ಬಸ್ಸಿಗೆ ಟಿಕೆಟ್ಟು ತೆಗೆದು ಕಿಟಕಿಯ ಪಕ್ಕ ಕುಳಿತಿದ್ದೆ. ಅದಿರಿನ ಕೆಲಸಕ್ಕೆ ಹೋಗುವವರು ಬುತ್ತಿ ಹಿಡಿದು ಸಾಲಾಗಿ ಹೋಗುತ್ತಿದ್ದರು. ಅವರಲ್ಲಿ ಗಾದಿಲಿಂಗನೂ ಇದ್ದ. ಬಸ್ಸಿನ ಹತ್ತಿರ ಬಂದವನೇ, "ಹಾದ್ಯಾಗ ತಿನ್ನಾಕ ಇರ್ಲಿ," ಎಂದು ತನ್ನ ಬುತ್ತಿಯಿಂದ ಎರಡು ರೊಟ್ಟಿ ತೆಗೆದು ಕಿಟಕಿಯಲ್ಲಿ ಚಾಚಿದ. ನಾನು ಇಳಿದೆ. ಬಸ್ಸು ಹೋಯಿತು.

ದಾರಿಯ ಬದಿಯಲ್ಲಿ ನಿಂತು ಎಲ್ಲ ಹೇಳಿದೆ. ನಡುವೆ ಒಮ್ಮೆಯೂ ಅವನ ಮುಖ ನೋಡಲಿಲ್ಲ.

"ಕಾರ್ಡಿನ್ಯಾಗ ಸೋಮವಾರ ಅಂತನ ಬರದಿದ್ರಿ?"

"ಹೌದು."

"ಮತ್ತ ಅವತ್ತು ಓದಿದವರ ತಪ್ಪು ಅಂದ್ರಿ."

"ಅಂದೆ."

ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಸಮಾಧಾನವಾಗುತ್ತಿತ್ತು. ಅವನು ಬುತ್ತಿಯ ಗಂಟನ್ನು ಬಿಗಿಯಾಗಿ ಕಟ್ಟಿದ. "ನನಗ ಹೇಳಿದ್ರ ಏನು ಬಂತು? ನಡೀರಿ ಬಂಡ್ರಿಗೆ," ಎಂದ.

ಬೂಟು ನೀನೇ ಇಟ್ಟುಕೋ ಎಂದು ಚೀಲ ಚಾಚಿದೆ. "ಅದು ಕ್ಲಬ್ಬಿನ ಮಾಲು," ಎಂದು ಮುಂದೆ ನಡೆದ. ಮುಂದಿನ ವಾರ ಅವು ಬಳ್ಳಾರಿಗೆ ಹೋದವು. ಅವುಗಳಿಂದ ಬಂದ ಹಣ ಸಾಲದ ಅರ್ಧಕ್ಕೂ ಸಾಲಲಿಲ್ಲ. ನಾನು ಕಾರ್ಯದರ್ಶಿ ಕೆಲಸ ಬಿಟ್ಟೆ. ಎರಡು ವರ್ಷದಲ್ಲಿ ಕ್ಲಬ್ಬೂ ಮುಚ್ಚಿತು.

ಬಂಡ್ರಿಗೆ ಹೋಗುವ ಖಾಲಿ ಬಂಡಿಯೊಂದು ಸಿಕ್ಕಿತು. ಮೂರೂವರೆ ತಾಸಿನ ದಾರಿಯಲ್ಲಿ ಗಾದಿಲಿಂಗ ಬಂಡಿಯವನ ಜೊತೆಗಷ್ಟೇ ಎತ್ತಿನ ಬೆಲೆ, ಮೇವಿನ ಬೆಲೆ ಮಾತಾಡಿದ. ಬಿಸಿಲು ಏರಿತ್ತು. ಹೊಲಗಳಲ್ಲಿ ಶೇಂಗಾ ಕೀಳುತ್ತಿದ್ದರು.

ತಿಪ್ಪಣ್ಣ ಊರ ಅಂಚಿನ ಒಂದು ಕಣದಲ್ಲಿ ಹೆಂಡತಿಯ ಜೊತೆ ಶೇಂಗಾ ಬಿಡಿಸುತ್ತಿದ್ದ. ಅಣ್ಣನನ್ನು ಕಂಡು ಎದ್ದು ನಿಂತ. ಸುತ್ತ ಏಳೆಂಟು ಕೂಲಿಯವರಿದ್ದರು.

"ಹೇಳ್ರಿ ಮಾಸ್ತರ. ಎಲ್ಲಾರಿಗೂ ಕೇಳೂ ಹಂಗ ಹೇಳ್ರಿ," ಎಂದ ಗಾದಿಲಿಂಗ.

ಮಕ್ಕಳಿಗೆ ಇಪ್ಪತ್ತು ವರ್ಷ ಡ್ರಿಲ್ ಮಾಡಿಸಿದ ಗಂಟಲು ನನ್ನದು. ಅದೇ ದನಿ ತೆಗೆದೆ. ಕಾರ್ಡಿನಲ್ಲಿ ಸೋಮವಾರವೆಂದೇ ಬರೆದಿದ್ದೆ, ತಿಪ್ಪಣ್ಣ ಸರಿಯಾಗಿಯೇ ಓದಿದ್ದ, ಸುಳ್ಳು ಹೇಳಿದವನು ನಾನು ಎಂದು ಹೇಳಿದೆ. ಕೂಲಿಯವರು ಕೈಕೆಲಸ ನಿಲ್ಲಿಸಿ ನೋಡಿದರು. ತಿಪ್ಪಣ್ಣ ನನ್ನ ಕಡೆ ನೋಡಲೇ ಇಲ್ಲ. ಅಣ್ಣನನ್ನೇ ನೋಡುತ್ತ, "ನಾನು ಹೇಳಿದ್ನಿಲ್ಲೋ ಯಣ್ಣಾ," ಎಂದ. ಅಷ್ಟು ಹೇಳಿ ಅತ್ತುಬಿಟ್ಟ. ಗಾದಿಲಿಂಗ ಅವನ ಹೆಗಲ ಮೇಲೆ ಕೈ ಇಟ್ಟು, "ಹೊಡೀಬಾರದಿತ್ತಲೇ ನಾನು," ಎಂದ.

ಊಟದ ಹೊತ್ತಾಗಿತ್ತು. ತಿಪ್ಪಣ್ಣನ ಹೆಂಡತಿ ಬೇವಿನಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದಳು. ಗಾದಿಲಿಂಗ ತನ್ನ ಗಂಟನ್ನೂ ಬಿಚ್ಚಿ ಅದರ ಜೊತೆ ಇಟ್ಟ. ನಾನು ಚೀಲ ಹಿಡಿದು ಬಿಸಿಲಿನಲ್ಲಿ ನಿಂತಿದ್ದೆ. ಆ ಹೆಣ್ಣುಮಗಳು ನನ್ನ ಕಡೆ ಒಮ್ಮೆ ನೋಡಿ, "ಅವ್ರನ್ನೂ ಉಣ್ಣಾಕ ಕರೀರಿ ಮಾವಾ," ಎಂದು ಮೆಲ್ಲಗೆ ಹೇಳಿದಳು.

"ಬ್ಯಾಡವಾ," ಎಂದ ಗಾದಿಲಿಂಗ. "ಅವ್ರಿಗೆ ಬಸ್ಸಿನ ಹೊತ್ತಾತು."

ಬಸ್ಸು ಇದ್ದದ್ದು ಮೂರು ತಾಸು ಬಿಟ್ಟು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಹೌದು, ಹೊತ್ತಾಯಿತು," ಎಂದು ನಾನು ಕಣದ ಅಂಚಿನಲ್ಲಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿದೆ.

ಹಳ್ಳ ದಾಟಿ ದಿಬ್ಬ ಏರಿದ ಮೇಲೆ ಒಮ್ಮೆ ಹಿಂದಿರುಗಿ ನೋಡಿದೆ. ಬೇವಿನಮರದ ಕೆಳಗೆ ಅಣ್ಣ ರೊಟ್ಟಿ ಮುರಿದು ತಮ್ಮನ ಮುಂದೆ ಇಡುತ್ತಿದ್ದ. ತಮ್ಮ ಏನೋ ಅಂದ, ಇಬ್ಬರೂ ನಕ್ಕರು. ದಿಬ್ಬದ ಕಡೆಗೆ ಯಾರೂ ನೋಡಲಿಲ್ಲ.