ಅತ್ತಿಗೆ ಬಳಿದ ಸುಣ್ಣ

ಬೀದಿಯವರೆಲ್ಲ ಅವರನ್ನು ಕರೆಯುತ್ತಿದ್ದುದು ‘ಅತ್ತಿಗೆ’ ಎಂದೇ. ಚಿತ್ರ ಬರೆಯುವ ಮೈದುನ ಹಾಗೆ ಕರೆಯುತ್ತಿದ್ದ. ಹಾಲಿನವನೂ ಅಂಚೆಯವನೂ ಅದನ್ನೇ ಕಲಿತರು. ಗಂಡ ತೀರಿಕೊಂಡ ಮೇಲೆ ಅತ್ತಿಗೆ ಅದೇ ಮನೆಯಲ್ಲಿ ಉಳಿದರು. ಮದುವೆಯಾಗದ ಮೈದುನನಿಗೆ ಊಟ, ಮಡಿಸಿಟ್ಟ ಬಟ್ಟೆ, ಬೈಗುಳ ಎಲ್ಲವೂ ಹೊತ್ತುಹೊತ್ತಿಗೆ ಸಿಗುತ್ತಿದ್ದವು.

ಬೈಗುಳಕ್ಕೆ ಕಾರಣವಿತ್ತು. ಅವನು ಕುಂಚ ಒರೆಸುತ್ತಿದ್ದುದು ಬಟ್ಟೆಗಲ್ಲ, ಕಿಟಕಿ ಪಕ್ಕದ ಗೋಡೆಗೆ. ಅವನು ಪರವೂರಿಗೆ ಹೋದಾಗಲೆಲ್ಲ ಅತ್ತಿಗೆ ಸುಣ್ಣ ಬಳಿಯುವರು; ಬಂದವನು ಮತ್ತೆ ಒರೆಸುವನು. ಆ ವಿಷಯದಲ್ಲಿ ಇಬ್ಬರೂ ಎಣ್ಣೆ ಸೀಗೇಕಾಯಿ. ಅವನು ಕಾಯಿಲೆ ಬಿದ್ದ ಮೇಲಷ್ಟೇ ಅತ್ತಿಗೆ ಗೋಡೆಯ ತಂಟೆ ಬಿಟ್ಟರು.

ಅವನೂ ತೀರಿಹೋದ ಮೇಲೆ, ಹೆಸರಾಂತ ಕಲಾವಿದ ಚಿತ್ರ ಬರೆದ ಕೋಣೆಯೆಂದು ಅದನ್ನು ಇದ್ದ ಹಾಗೇ ಉಳಿಸಿ ಜನರಿಗೆ ತೆರೆಯುವುದೆಂದಾಯಿತು. ಮೇಲ್ವಿಚಾರಣೆಗೆ ಬಂದ ಯುವಕ ಮನೆಯ ಹಿಂಬದಿಯ ಕೋಣೆಯನ್ನು ಅತ್ತಿಗೆಯ ವಾಸಕ್ಕೇ ಬಿಟ್ಟು, ಚಿತ್ರದ ಕೋಣೆಯ ಕೀಲಿಯನ್ನೂ ಕೊಟ್ಟ. “ಬಾಗಿಲು ತೆಗೀರಿ, ಹಾಕಿ. ಏನನ್ನೂ ಮುಟ್ಟಬೇಡಿ.”

ಏನನ್ನೂ ಎಂದರೆ ಚಿತ್ರಗಳನ್ನು ಎಂದುಕೊಂಡರು ಅತ್ತಿಗೆ. ನಾಳೆ ನಾಲ್ಕು ಜನ ಬರುವಾಗ ಮನೆ ಹೀಗಿದ್ದರೆ ಮೈದುನನ ಮಾನ ಏನಾದೀತು? ಬೆಳಿಗ್ಗೆ ಎದ್ದವರೇ ಸುಣ್ಣ ಕಲಸಿದರು.

ಗೋಡೆ ನೋಡಿದ ಯುವಕ ಬಾಗಿಲಲ್ಲೇ ಕೂಗಿಕೊಂಡ.

“ಅತ್ತಿಗೆಯವ್ರೇ, ಈ ಗೋಡೆ ನೋಡೋಕೇ ಜನ ಬರೋದು!”

“ಗಲೀಜು ನೋಡೋಕಾ? ಅವರವರ ಮನೇಲಿ ಇಲ್ವಾ?”

“ಇನ್ನು ನಿಮ್ಮನ್ನ ಇಲ್ಲಿ ಇಟ್ಕೊಳ್ಳಿ ಅಂತ ನಾನು ಮೇಲಿನವ್ರಿಗೆ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಈ ವಯಸ್ಸಿನಲ್ಲಿ ಹೋಗುವುದಾದರೂ ಎಲ್ಲಿಗೆ? ಅತ್ತಿಗೆ ಬಟ್ಟೆ ನೆನೆಸಿ ತಂದರು. ಸುಣ್ಣ ಇನ್ನೂ ಹಸಿ. ಇಬ್ಬರೂ ಒರೆಸತೊಡಗಿದರು. ಮೊದಲು ನೀಲಿ ಇಣುಕಿತು, ಆಮೇಲೆ ಕೆಂಪು. ಎದೆಯೆತ್ತರದಲ್ಲಿದ್ದ ಕುಂಚದ ಗೀರುಗಳು ಬಲಕ್ಕೆ ಹೋದಂತೆ ಇಳಿಯುತ್ತ ಇಳಿಯುತ್ತ ಮೊಣಕಾಲಿನ ಮಟ್ಟಕ್ಕೆ ಬಂದಿದ್ದವು.

ಅತ್ತಿಗೆಯ ಕೈ ನಿಂತಿತು. “ಕೊನೆಗೆ ನಿಲ್ಲೋಕಾಗ್ತಿರ್ಲಿಲ್ಲ ಕಣಪ್ಪ. ಮಣೆ ಮೇಲೆ ಕೂತೇ ಬರೀತಿದ್ದ. ಕೇಳಿದ್ರೆ, ‘ಕೂತ್ರೆ ಚೆನ್ನಾಗಿ ಕಾಣುತ್ತೆ ಅತ್ತಿಗೆ’ ಅನ್ನೋನು. ಸುಳ್ಳ.”

ಯುವಕ ಕೆಳಗಿನ ಗೀರುಗಳನ್ನು ತಾನೇ ಮೆಲ್ಲಗೆ ಒರೆಸಿದ. ಮುಗಿದಾಗ ಅತ್ತಿಗೆ ಕೀಲಿ ಚಾಚಿದರು. “ತಗೋ. ನನ್ನ ಕೈ ಸುಮ್ನಿರಲ್ಲ.”

“ಅದು ನಿಮ್ಮ ಹತ್ರಾನೇ ಇರ್ಲಿ. ಮೇಲಿನವ್ರ ಹತ್ರ ನಾನು ಮಾತಾಡ್ತೀನಿ. ಸುಣ್ಣದ ಬಕೆಟ್ ಮಾತ್ರ ಕೊಡಿ.”

ಬಕೆಟ್ ಕೊಟ್ಟು ಅತ್ತಿಗೆ ಮೇಲಕ್ಕೆ ಕೈ ತೋರಿಸಿದರು. “ಅಟ್ಟದ ಮೇಲೆ ಇನ್ನೊಂದು ಮೂಟೆ ಇದೆ. ಅದನ್ನೂ ಹೊತ್ಕೊಂಡ್ಹೋಗಪ್ಪ.”