ಬಾವಿಯಿಂದ ಬಂದವಳ ಹೆಸರು

"ಬಾವಿಯೊಳಗಿಂದ ಮೊದಲಿಗೆ ಬಳಿ ತೊಟ್ಟ ಕೈ ಬರ್ತದ," ಎಂದು ನಾನು ಕತ್ತರಿ ಹಿಡಿದ ಕೈಯನ್ನೇ ಮೇಲೆತ್ತಿ ತೋರಿಸಿದೆ. ಕುಪ್ಪಸ ಹೊಲಿಸಲು ಸುರಪುರದ ನನ್ನ ಅಂಗಡಿಗೆ ಬಂದಿದ್ದ ಕಕ್ಕೇರಾದ ಕುರಿಗಾರರ ನೀಲವ್ವ ಬಾಯಿ ತೆರೆದು ಕೇಳುತ್ತಿದ್ದಳು. ನಾವು ಮೈಸೂರು ರಾಜ್ಯಕ್ಕೆ ಸೇರುತ್ತೇವಂತೆ ಎಂಬ ಮಾತು ಎಲ್ಲರ ಬಾಯಲ್ಲಿದ್ದ ದಿನಗಳವು. ನನ್ನ ಬಾಯಲ್ಲಿ ಮಾತ್ರ ಟೆಂಟಿಗೆ ಬಂದಿದ್ದ ಆ ಹಿಂದಿ ಸಿನಿಮಾ. ಮೂರು ಸಲ ನೋಡಿದ್ದೆ.

"ಕಟ್ಟಿದ ಕತಿ ಅಲ್ಲ ಯವ್ವ, ಖರೇ ನಡದದ್ದು. ಮಾವನೇ ಸೊಸೀನ್ನ ಬಾವಿಗೆ ನೂಕಿದ್ದ. ನೋಡ್ಕೊಂಡೇ ಊರಿಗೆ ಹೋಗು."

"ಖರೇ ಸತ್ತಾಳಂದ್ರ ಆಕಿ ಹೆಸರೇನಪ್ಪ? ಅಮಾಸಿಗೆ ನಮ್ಮ ಸತ್ತವರಿಗೆ ಎಡಿ ಇಡತೀನಿ. ಆಕಿ ಹೆಸರು ಹೇಳಿ ಒಂದು ತುತ್ತು ಇಡತೀನಿ."

ಮಾವನ ಹೆಸರು ಗೊತ್ತಿತ್ತು, ಸಿನಿಮಾದಲ್ಲಿ ಅವನನ್ನು ಹಿಡಿಯುವ ಫೌಜದಾರನದೂ ಗೊತ್ತಿತ್ತು. ಆಕೆಯದು ಗೊತ್ತಿರಲಿಲ್ಲ. ಅದಕ್ಕಾಗಿಯೇ ನಾಲ್ಕನೇ ಸಲ ಹೋದೆ. ಕೈ ಬಂದಾಗ ಟೆಂಟೆಲ್ಲ ಚೀರಿತು, ನಾನೂ ಚೀರಿದೆ. ಆದರೆ ಕೊನೆಯವರೆಗೂ ಎಲ್ಲರೂ ಆಕೆಯನ್ನು 'ಬಹೂ', ಅಂದರೆ ಸೊಸೆ, ಎಂದಷ್ಟೇ ಕರೆದರು.

ಕುಪ್ಪಸ ಒಯ್ಯಲು ಬಂದ ನೀಲವ್ವನಿಗೆ ಅದನ್ನೇ ಹೇಳಿದೆ. "ಸೊಸಿ ಅಂತಂದೇ ಕೊಂದಾರ. ನಾ ಮಗಳಂತ ಎಡಿ ಇಡತೀನಿ ಬಿಡು," ಎಂದಳು. ಆಮೇಲೂ ಆ ಸಿನಿಮಾ ನೋಡಲೇಬೇಕೆಂದು ಸಿಕ್ಕವರಿಗೆಲ್ಲ ಹೇಳಿದೆ. ಬಾವಿಯಿಂದ ದೆವ್ವ ಬರುತ್ತದೆ ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ. ನೀಲವ್ವನ ಮಗಳು ಬರುತ್ತಾಳೆ ಎನ್ನುತ್ತಿದ್ದೆ.