ತೆರೆ ಎಂದು ಕೇಳಿಸಿದ ಮಾತು

ದೆವ್ವ, ಅಶರೀರವಾಣಿ ಎಂದರೆ ನಗುತ್ತಿದ್ದವನು ನಾನು. ಈಗ ನಂಬುತ್ತೇನೆ ಎಂದೇನಲ್ಲ. ಮೊದಲಿನಷ್ಟು ಧೈರ್ಯವಾಗಿ ನಗಲಾರೆ, ಅಷ್ಟೆ.

ಕೆಲವು ವರ್ಷಗಳ ಹಿಂದೆ ಹಾಸನದ ನಮ್ಮ ಹವ್ಯಾಸಿ ತಂಡಕ್ಕಾಗಿ ಒಬ್ಬ ಫ್ರೆಂಚ್ ನಟನ ಬದುಕನ್ನು ಏಕವ್ಯಕ್ತಿ ನಾಟಕ ಮಾಡಿದ್ದೆ. ಪಾತ್ರವೂ ನನ್ನದೇ. ರಾಜನ ವೇಷ ಹಾಕಬೇಕೆಂದು ರಂಗಕ್ಕೆ ಬಂದ ಆತ, ಹರೆಯದಲ್ಲೊಮ್ಮೆ ಸೆಟ್ಟಿನ ಬಾಗಿಲು ತೆಗೆಯಲಾಗದೆ ಒದ್ದಾಡಿದ. ಜನ ಬಿದ್ದುಬಿದ್ದು ನಕ್ಕರು. ಮರೆಯಲ್ಲಿ ನಿಂತು ಮಾತು ನೆನಪಿಸುವ ಪ್ರಾಂಪ್ಟರ್ ಒಂದೇ ಪದ ಪಿಸುಗುಟ್ಟಿ ಪಾರುಮಾಡಿದ. ಆ ಪದ ಯಾವುದೆಂದು ನಾನು ಓದಿದ ಇಂಗ್ಲಿಷ್ ಪುಸ್ತಕದಲ್ಲಿರಲಿಲ್ಲ. ಆಮೇಲೆ ನಾಟಕವಿರಲಿ, ಸಿನಿಮಾ ಇರಲಿ, ಅವನಿಗೆ ಸಿಕ್ಕಿದ್ದು ಬಾಗಿಲಲ್ಲಿ ಸಿಕ್ಕಿಕೊಳ್ಳುವ ಪೆದ್ದನ ಪಾತ್ರವೇ. ಸಾಯುವವರೆಗೂ ಬಿಡುಗಡೆಯಿರಲಿಲ್ಲ, ಪಾಪ.

ಹೊಳೆನರಸೀಪುರದ ರಂಗಮಂದಿರದಲ್ಲಿ ಸಂಜೆ ಪ್ರದರ್ಶನ. ಮಧ್ಯಾಹ್ನವೇ ಬಂದು ಬಣ್ಣದ ಕೋಣೆಯಲ್ಲಿ ಮಾತು ಉರುಹೊಡೆಯುತ್ತಿದ್ದೆ. ವಾಚ್‌ಮನ್ ನಿಂಗಣ್ಣ ನನ್ನನ್ನು ಗಮನಿಸದೆ ನಾನು ಬಂದ ಬಾಗಿಲೂ ಸೇರಿ ಹೊರಬಾಗಿಲುಗಳಿಗೆಲ್ಲ ಬೀಗ ಹಾಕಿ ಊಟಕ್ಕೆ ಹೋದ. ಕರೆಂಟೂ ಹೋಯಿತು. ಕಿಟಕಿಯಿಲ್ಲದ ಕೋಣೆ, ನನಗೆ ಉಬ್ಬಸ. ಇನ್‌ಹೇಲರ್, ಫೋನು ಎರಡೂ ಸಭಾಂಗಣದ ಕುರ್ಚಿಯ ಮೇಲಿದ್ದ ಬ್ಯಾಗಿನಲ್ಲಿ. ರಂಗದ ಕಡೆಗಿದ್ದ ಇನ್ನೊಂದು ಬಾಗಿಲನ್ನು ಭುಜಕೊಟ್ಟು ತಳ್ಳಿದೆ. ಅಲುಗಲಿಲ್ಲ. ಕೂಗಿದೆ, ಗುದ್ದಿದೆ. ಎದೆಯಲ್ಲಿ ಸಿಳ್ಳೆ ಶುರುವಾಯಿತು. ಇಲ್ಲೇ ಸಾಯುತ್ತೇನೆಂದು ನಿಜಕ್ಕೂ ಹೆದರಿದೆ.

ಆಗ ಬಾಗಿಲಾಚೆ ಯಾರೋ ಮೆಲ್ಲಗೆ "ತೆರೇ" ಎಂದರು. ತುಸು ಬಿಟ್ಟು ಮತ್ತೆ. ಉಚ್ಚಾರಣೆಯೂ ನೆಟ್ಟಗಿಲ್ಲ, "ತಿರೇ" ಎಂದಂತಿತ್ತು. ನನಗೆ ಮೈಯೆಲ್ಲ ಉರಿಯಿತು.

"ತೆರೆಯೋಕೆ ಆಗಿದ್ರೆ ನಾನ್ಯಾಕೆ ಅರಚ್ತಿದ್ದೆ? ನೀನೇ ತೆಗಿಯಯ್ಯಾ!" ಎಂದು ಇನ್ನೂ ಜೋರಾಗಿ ತಳ್ಳಿದೆ.

ಮೂರನೆಯ ಸಲ ಕೇಳಿಸುವಷ್ಟರಲ್ಲಿ ಕಾಲು ಸೋತಿತ್ತು. ಬಾಗಿಲ ಕಬ್ಬಿಣದ ಬಳೆ ಹಿಡಿದೇ ಕುಸಿದೆ. ನನ್ನ ಭಾರಕ್ಕೆ ಬಾಗಿಲು ಒಳಕ್ಕೆ ತೆರೆದುಕೊಂಡಿತು. ತೆವಳಿಕೊಂಡು ಹೋಗಿ ಇನ್‌ಹೇಲರ್ ಎಳೆದುಕೊಂಡ ಮೇಲೆ ಸುತ್ತ ನೋಡಿದೆ. ರಂಗದ ಮೇಲೂ ಕೆಳಗೂ ಯಾರೂ ಇರಲಿಲ್ಲ.

"ಓಗ್ಬುಟ್ರಿ ಅನ್ಕಂಡು ಬೀಗ ಆಕ್ಬುಟ್ಟೆ ಸಾ," ಎಂದ ನಿಂಗಣ್ಣ, ವಾಪಸು ಬಂದು. "ಒಳ್ಗೆ ಇನ್ಯಾರ್ ಬತ್ತಾರೆ? ಬೀಗದ ಕೈ ನನ್ ತಾವೇ ಐತಲ್ಲ."

ತಿಂಗಳಾದ ಮೇಲೆ, ಮೈಸೂರಿನಲ್ಲಿ ಫ್ರೆಂಚ್ ಕಲಿಸುವ ಗೆಳತಿಗೆ ಇದನ್ನು ಹೇಳಿದೆ. ಅವಳು ನಗಲಿಲ್ಲ.

"ಅದು 'ತೆರೆ' ಅಲ್ವೋ. ಫ್ರೆಂಚಲ್ಲಿ 'ತಿರೇ' ಅಂದ್ರೆ 'ಎಳೆಯಿರಿ' ಅಂತ. ಅಲ್ಲಿ ಬಾಗಿಲ ಮೇಲೆಲ್ಲ ಬರೆದಿರುತ್ತೆ," ಎಂದಳು.

ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ. ಫ್ರೆಂಚಿನ ಒಂದಕ್ಷರವೂ ನನಗೆ ಬಾರದು. ನಿಂಗಣ್ಣನ ಮಾತಂತೂ ಬೇಡ. ಅವತ್ತು ಆ ಬೀಗದೊಳಗೆ ಆ ಭಾಷೆ ಬಲ್ಲವನೆಂದರೆ, ನಾನು ಯಾರ ಪಾತ್ರಕ್ಕೆ ಬಣ್ಣ ಹಚ್ಚಲು ಕೂತಿದ್ದೆನೋ ಆ ಸತ್ತ ನಟನೊಬ್ಬನೇ.